ಆ 'ಅಂತೆ'ಯನ್ನು ಅಳಿಸಬೇಡಿ

ಕನ್ನಡದಲ್ಲಿ ಐತಿಹಾಸಿಕ ಕಾದಂಬರಿ ಬರೆಯುವವರಿಗೆ, ಇತಿಹಾಸವನ್ನು ಕಥೆಯ ಹಾಗೆ ಹೇಳುವವರಿಗೆ, ಅವನ್ನು ಅಚ್ಚು ಹಾಕಿಸುವ ಪ್ರಕಾಶಕರಿಗೆ ಒಂದು ಬಹಿರಂಗ ಪತ್ರ.

ಪ್ರೀತಿಯ ಲೇಖಕರೇ, ಪ್ರಕಾಶಕರೇ,

ನಮಸ್ಕಾರ. ನಾನು ಹೊಸಪೇಟೆಯವಳು. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತಳಾದವಳು. ನಿಮ್ಮ ಪುಸ್ತಕಗಳನ್ನು ದುಡ್ಡು ಕೊಟ್ಟು ಕೊಂಡು, ರಾತ್ರಿ ದೀಪ ಆರಿಸದೆ ಓದಿದವಳು. ಜಗಳಕ್ಕೆ ಬಂದಿಲ್ಲ. ಒಂದು ಬೇಡಿಕೆ ಇದೆ. ಅದನ್ನು ಎಲ್ಲರ ಮುಂದೆ ಕೇಳೋಣ ಅನ್ನಿಸಿತು. ನನ್ನಂಥ ಓದುಗರು, ನನ್ನಂಥ ಟೀಚರುಗಳು ಊರೂರಲ್ಲಿ ಇದ್ದಾರೆ. ಅವರಿಗೂ ಇದು ಬೇಕು.

ವರ್ಷಕ್ಕೊಮ್ಮೆ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗುತ್ತಿದ್ದೆ. ನಮಗೆ ಅದು ಪಕ್ಕದೂರು. ವಿರೂಪಾಕ್ಷ ದೇವಸ್ಥಾನದ ಮುಂದಿನ ಪೇಟೆ ಬೀದಿಯಲ್ಲಿ ನಿಂತು, ನನ್ನ ಮೇಷ್ಟ್ರು ನನಗೆ ಹೇಳಿದ್ದನ್ನೇ ನಾನೂ ಮಕ್ಕಳಿಗೆ ಹೇಳುತ್ತಿದ್ದೆ. "ಇಲ್ಲಿ ಮುತ್ತು ರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರುತ್ತಿದ್ದರು." ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನನಗೂ ಖುಷಿಯಾಗುತ್ತಿತ್ತು.

ಒಂದು ವರ್ಷ ಒಬ್ಬ ಹುಡುಗ ಕೈ ಎತ್ತಿದ. ಅವರ ಮನೆಯವರದು ದಿನಸಿ ಅಂಗಡಿ. "ಮಿಸ್, ಮುತ್ತನ್ನ ಬಳ್ಳದಲ್ಲಿ ಅಳೆದ್ರೆ ಸಣ್ಣದು ದೊಡ್ಡದು ಎಲ್ಲಾ ಒಂದೇ ರೇಟಾ? ಹಂಗೆ ಯಾರು ಮಾರ್ತಾರೆ? ಅದನ್ನ ನೋಡಿದವರು ಯಾರು?"

ನನಗೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಹೋಗಿ ಹುಡುಕುತ್ತೇನೆ ಎಂದೆ. ಆ ಹುಡುಕಾಟ ಮುಗಿಯಲು ವರ್ಷಗಳೇ ಬೇಕಾದವು. ಅದೇ ಹುಡುಕಾಟ ಇವತ್ತು ನನ್ನಿಂದ ಈ ಪತ್ರ ಬರೆಸುತ್ತಿದೆ.

ನೋಡಿದವರು ಇದ್ದರು. 1443ರಲ್ಲಿ ಹೆರಾತಿನ ದೊರೆ ಶಾರುಖ್‌ನ ರಾಯಭಾರಿಯಾಗಿ ಅಬ್ದುಲ್ ರಜಾಕ್ ಬಂದಿದ್ದ. ಆಗ ಇಮ್ಮಡಿ ದೇವರಾಯನ ಕಾಲ. ಅವನ ಬರಹದಲ್ಲಿ ಪೇಟೆಯ ಮಾತಿದೆ. ಅಲ್ಲಿ ಮುತ್ತು, ಮಾಣಿಕ್ಯ, ಪಚ್ಚೆ, ವಜ್ರವನ್ನು ಬಹಿರಂಗವಾಗಿ ಮಾರುತ್ತಿದ್ದರು ಎಂದಿದೆ. ಸುಮಾರು 1520ರಲ್ಲಿ ಕೃಷ್ಣದೇವರಾಯನನ್ನು ಕಣ್ಣಾರೆ ಕಂಡ ಪೋರ್ಚುಗೀಸ ಡೊಮಿಂಗೊ ಪೇಸ್ ಕೂಡ ವ್ಯಾಪಾರಿಗಳ ಬೀದಿಯನ್ನು ವರ್ಣಿಸುತ್ತಾನೆ. ಮಾಣಿಕ್ಯ, ವಜ್ರ, ಪಚ್ಚೆ, ಮುತ್ತು, ಬಟ್ಟೆ, ಎಲ್ಲವೂ ಅಲ್ಲಿ ಸಿಗುತ್ತವೆ ಎನ್ನುತ್ತಾನೆ. ಇಬ್ಬರನ್ನೂ ಎರಡೆರಡು ಸಲ ಓದಿದೆ. ಬಳ್ಳ ಮಾತ್ರ ಎಲ್ಲೂ ಸಿಗಲಿಲ್ಲ.

ಬಳ್ಳ ಸಿಗಲಿಲ್ಲ, ಆದರೆ ಇನ್ನೊಂದು ಸಿಕ್ಕಿತು. ಅದೇ ಬೀದಿಯಲ್ಲಿ ದಿನಾ ಸಂಜೆ ಸಂತೆ ಸೇರುತ್ತಿತ್ತು ಎಂದು ಪೇಸ್ ಬರೆಯುತ್ತಾನೆ. ಸಾಧಾರಣ ಕುದುರೆ, ತಟ್ಟು, ನಿಂಬೆ, ಕಿತ್ತಳೆ, ದ್ರಾಕ್ಷಿ, ಕಾಯಿಪಲ್ಲೆ ಮಾರುತ್ತಿದ್ದರು. ಕಟ್ಟಿಗೆ ಕೂಡ! ವಜ್ರ ಮಾರುವ ಬೀದಿಯಲ್ಲೇ ಸಂಜೆ ಒಲೆಗೆ ಕಟ್ಟಿಗೆ ಕೊಳ್ಳುವವರು ಬಂದು ಚೌಕಾಸಿ ಮಾಡುತ್ತಿದ್ದರು. ಇದನ್ನು ಓದಿದ ದಿನ ನನಗೆ ಮೊದಲ ಸಲ ಆ ಬೀದಿ ಕಣ್ಣೆದುರು ಬಂತು. ಬಳ್ಳದ ಕಥೆ ಹೇಳಿದಾಗ ಹಾಗೆ ಒಂದು ಸಲವೂ ಆಗಿರಲಿಲ್ಲ.

ಈಗ ನನ್ನ ಮಾತಿಗೆ ಬರುತ್ತೇನೆ. ನಮ್ಮ ಭಾಷೆಯಲ್ಲಿ 'ಅಂತೆ' ಎಂಬ ಎರಡಕ್ಷರ ಇದೆ. "ಅವನು ಬಂದ" ಅಂದರೆ ನಾನು ನೋಡಿದೆ. "ಅವನು ಬಂದನಂತೆ" ಅಂದರೆ ಯಾರೋ ಹೇಳಿದರು, ನಾನು ನೋಡಿಲ್ಲ. ಓದು ಬರಹ ಬಾರದ ನನ್ನ ಅಜ್ಜಿ ಇದನ್ನು ಒಮ್ಮೆಯೂ ತಪ್ಪುತ್ತಿರಲಿಲ್ಲ. ಪ್ಲೇಗಿನ ವರ್ಷ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಥೆ ಹೇಳುವಾಗ ಪ್ರತಿ ವಾಕ್ಯದ ಕೊನೆಗೆ 'ಅಂತೆ' ಇರುತ್ತಿತ್ತು. ಅದು ಅವಳು ಹುಟ್ಟುವ ಮೊದಲಿನ ಮಾತು. ತನ್ನ ಮದುವೆಯ ದಿಬ್ಬಣದ ಕಥೆ ಹೇಳುವಾಗ 'ಅಂತೆ' ಸುಳಿಯುತ್ತಿರಲಿಲ್ಲ. ಕೇಳುವ ನಮಗೆ ಏನೂ ವಿವರಿಸಬೇಕಾಗಿರಲಿಲ್ಲ. ಯಾವುದು ಅವಳು ಕಂಡದ್ದು, ಯಾವುದು ಕೇಳಿದ್ದು ಎಂದು ತಾನಾಗಿ ತಿಳಿಯುತ್ತಿತ್ತು.

ಇತಿಹಾಸದ ಪುಸ್ತಕಗಳಲ್ಲಿ, ಕಾದಂಬರಿಗಳಲ್ಲಿ ಈ ಎರಡಕ್ಷರ ಕಳೆದುಹೋಗುತ್ತಿದೆ. ಕಂಡದ್ದು, ಕೇಳಿದ್ದು, ನೀವು ಕಟ್ಟಿದ್ದು, ಮೂರೂ ಒಂದೇ ಬಣ್ಣದಲ್ಲಿ ಬರುತ್ತಿವೆ. ದಯವಿಟ್ಟು ಅದನ್ನು ನಮಗೆ ವಾಪಸ್ ಕೊಡಿ. ನಾನು ಕೇಳುವುದು ಇಷ್ಟೇ.

ಕೃಷ್ಣದೇವರಾಯನ ಮಂತ್ರಿ ತಿಮ್ಮರಸುವಿನ ಕಥೆಯನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಇದನ್ನು ಕೇಳಿ ಅಳದವರು ಯಾರಿದ್ದಾರೆ? ಸಾಯುವ ಅಣ್ಣ ತಮ್ಮನ ಕಣ್ಣು ಕೀಳಿಸು ಎಂದು ಮಂತ್ರಿಗೆ ಹೇಳುತ್ತಾನೆ. ಮಂತ್ರಿ ಮೇಕೆಯ ಕಣ್ಣು ತಂದು ತೋರಿಸಿ ಕೃಷ್ಣದೇವರಾಯನನ್ನು ಉಳಿಸುತ್ತಾನೆ. ಮುಂದೆ ಅದೇ ಕೃಷ್ಣದೇವರಾಯ, ತನ್ನ ಪುಟ್ಟ ಮಗ ಸತ್ತಾಗ, ವಿಷದ ಅನುಮಾನದ ಮೇಲೆ ಅದೇ ಮಂತ್ರಿಯ ಕಣ್ಣು ಕೀಳಿಸುತ್ತಾನೆ. ಕಣ್ಣು ಉಳಿಸಿದವನ ಕಣ್ಣೇ ಹೋಯಿತು. ಕಥೆಗಾರನಿಗೆ ಇದಕ್ಕಿಂತ ದೊಡ್ಡ ಸಂಪತ್ತು ಬೇಕಾ?

ಇದನ್ನು ಬರೆದಿಟ್ಟವನು ಫರ್ನಾವೊ ನ್ಯೂನಿಜ್ ಎಂಬ ಪೋರ್ಚುಗೀಸ. ಅವನು ವಿಜಯನಗರದಲ್ಲಿ 3 ವರ್ಷ ಇದ್ದ. ಆದರೆ ಅವನು ಇದ್ದದ್ದು ಅಚ್ಯುತರಾಯನ ಕಾಲದಲ್ಲಿ, ಸುಮಾರು 1535ರಿಂದ 1537ರವರೆಗೆ. ತಿಮ್ಮರಸು ಬಿದ್ದು ಆಗಲೇ ಹತ್ತು ವರ್ಷ ಕಳೆದಿತ್ತು. ಮೇಕೆಯ ಕಣ್ಣಿನ ಪ್ರಸಂಗಕ್ಕೆ ಇಪ್ಪತ್ತೈದು ವರ್ಷ ದಾಟಿತ್ತು. ಅವನು ಯಾವುದನ್ನೂ ನೋಡಿಲ್ಲ. ಪೇಟೆಯಲ್ಲಿ, ಅರಮನೆಯ ಬಾಗಿಲಲ್ಲಿ ಜನ ಹೇಳಿದ್ದನ್ನು ಕೇಳಿ ಬರೆದ. ತಿಮ್ಮರಸುವನ್ನು ನಿಜವಾಗಿ ನೋಡಿದವನು ಪೇಸ್. ಅವನು ಕಂಡ ತಿಮ್ಮರಸು ಅರಮನೆಯನ್ನೆಲ್ಲ ನಡೆಸುತ್ತಿದ್ದ ಮುದುಕ. ದೊಡ್ಡ ದೊಡ್ಡ ನಾಯಕರು ರಾಜನ ಮುಂದೆ ಹೇಗೆ ನಡೆದುಕೊಳ್ಳುತ್ತಾರೋ ಹಾಗೆ ಅವನ ಮುಂದೆಯೂ ನಡೆದುಕೊಳ್ಳುತ್ತಿದ್ದರು. ಪೇಸ್‌ಗೆ ಕಂಡದ್ದು ಅಷ್ಟು.

ಹಾಗಂತ ನ್ಯೂನಿಜ್ ಸುಳ್ಳು ಹೇಳಿದ ಎನ್ನುತ್ತಿಲ್ಲ. ಕಥೆ ನಿಜವೇ ಇರಬಹುದು. ಆದರೆ ಯೋಚಿಸಿ ನೋಡಿ. ಹತ್ತು ವರ್ಷದ ನಂತರ ಊರಿನ ಜನ ಒಬ್ಬ ಪರದೇಶಿಗೆ ಈ ಕಥೆ ಹೇಳುತ್ತಿದ್ದರು. ಅದೇ ದೊಡ್ಡ ಸಂಗತಿ ಅಲ್ವಾ? ರಾಜ ಹೋದ ಮೇಲೂ ಆ ಅನ್ಯಾಯ ಜನರ ಬಾಯಲ್ಲಿ ಉಳಿದಿತ್ತು. ಯಾರು ಹೇಳಿದರು? ದನಿ ತಗ್ಗಿಸಿ ಹೇಳಿದರಾ? ಯಾವ ಭಾಷೆಯಲ್ಲಿ ಹೇಳಿದರು, ನಡುವೆ ದುಭಾಷಿ ಇದ್ದನಾ? 'ಅಂತೆ'ಯನ್ನು ಉಳಿಸಿಕೊಂಡರೆ ನಿಮಗೆ ಇಂಥ ಇನ್ನೊಂದು ಕಾದಂಬರಿಯೇ ಸಿಗುತ್ತದೆ. ಅಳಿಸಿದರೆ ಅದು ಹೋಯಿತು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಒಬ್ಬ ಹುಡುಗಿ ಪರೀಕ್ಷೆಯಲ್ಲಿ ಕೃಷ್ಣದೇವರಾಯ ತಿಮ್ಮರಸುವಿಗೆ ಕೊನೆಗೆ ಹೇಳಿದ ಮಾತು ಎಂದು ನಾಲ್ಕು ಸಾಲು ಬರೆದಿದ್ದಳು. ಚೆನ್ನಾಗಿತ್ತು. ಪೂರ್ತಿ ಅಂಕ ಕೊಟ್ಟೆ. ಆ ಮಾತು ಯಾವುದೋ ಕಾದಂಬರಿಯದು ಎಂದು ಆಮೇಲೆ ಗೊತ್ತಾಯಿತು. ಅವಳದು ತಪ್ಪಲ್ಲ. ಆ ಪುಸ್ತಕದಲ್ಲಿ ಎಲ್ಲಿಯೂ "ಈ ಮಾತು ನಾನು ಕಟ್ಟಿದ್ದು" ಎಂದು ಇರಲಿಲ್ಲ. ಬದಲಿಗೆ ಮುನ್ನುಡಿಯಲ್ಲಿ "ಚಾರಿತ್ರಿಕ ದಾಖಲೆಗಳನ್ನು ಆಧರಿಸಿ" ಎಂದು ಒಂದು ಸಾಲು ಇತ್ತು. ಯಾವ ದಾಖಲೆ, ಯಾವುದಕ್ಕೆ ಆಧಾರ, ಒಂದೂ ಇರಲಿಲ್ಲ.

ಇದಕ್ಕಿಂತ ಜಾಸ್ತಿ ನೋವು ಕೊಡುವುದು ಕಂಡದ್ದನ್ನೇ ಸೋಸುವ ಅಭ್ಯಾಸ. ಪೇಸ್ ಕೃಷ್ಣದೇವರಾಯನನ್ನು ಹತ್ತಿರದಿಂದ ನೋಡಿದವನು. ಮಧ್ಯಮ ಎತ್ತರ, ಬಿಳಿ ಬಣ್ಣ, ಒಳ್ಳೆಯ ಮೈಕಟ್ಟು, ತೆಳ್ಳಗೆ ಅನ್ನುವುದಕ್ಕಿಂತ ದಪ್ಪ ಅನ್ನಬೇಕು, ಮುಖದ ಮೇಲೆ ಸಿಡುಬಿನ ಕಲೆಗಳಿವೆ ಎಂದು ಬರೆದ. ನಗುಮುಖದವನು, ಪರದೇಶದವರನ್ನು ಆದರಿಸುವವನು, ನ್ಯಾಯವಂತ, ಆದರೆ ತಟ್ಟನೆ ಸಿಟ್ಟು ಬರುತ್ತದೆ ಎಂದೂ ಬರೆದ. ಬೆಳಕು ಹರಿಯುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿಯುತ್ತಾನೆ. ಮೈಗೆಲ್ಲ ಅದೇ ಎಣ್ಣೆ ಹಚ್ಚಿಕೊಂಡು ಮಣ್ಣಿನ ಭಾರಗಳನ್ನು ಎತ್ತುತ್ತಾನೆ. ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ತಿರುಗಿಸುತ್ತಾನೆ. ಜಟ್ಟಿಯೊಬ್ಬನ ಜೊತೆ ಕುಸ್ತಿ ಆಡುತ್ತಾನೆ. ಆಮೇಲೆ ಕುದುರೆ ಏರಿ ಬೆಳಗಾಗುವವರೆಗೆ ಓಡಿಸುತ್ತಾನೆ.

ಎಳ್ಳೆಣ್ಣೆ, ಕುಸ್ತಿ, ಕುದುರೆ, ಮೂರನ್ನೂ ನಿಮ್ಮ ಪುಸ್ತಕಗಳಲ್ಲಿ ಓದಿದ್ದೇನೆ. ಸಿಡುಬಿನ ಕಲೆಯನ್ನು ನಾನು ಓದಿದ ಯಾವ ಕಾದಂಬರಿಯಲ್ಲೂ ಕಂಡಿಲ್ಲ. ಯಾಕೆ ಬಿಟ್ಟಿರಿ? ನಮ್ಮ ಕಡೆ ಸಿಡುಬನ್ನು ಅಮ್ಮ ಎನ್ನುತ್ತಾರೆ. ಅಮ್ಮ ಬಂದು ಉಳಿದವರಿಗೆ ಒಂದು ಗೌರವ ಇತ್ತು. ಆ ಕಲೆ ಇದ್ದ ಮುಖ ಯುದ್ಧಕ್ಕೆ ಹೋಯಿತು, ಕಾವ್ಯ ಬರೆಯಿತು, ನಕ್ಕಿತು. ಅದನ್ನು ನುಣ್ಣಗೆ ಮಾಡಿದರೆ ರಾಜ ದೊಡ್ಡವನಾಗುವುದಿಲ್ಲ. ಕ್ಯಾಲೆಂಡರಿನ ಚಿತ್ರವಾಗುತ್ತಾನೆ.

ಕೆರೆಯ ವಿಷಯವೂ ಹಾಗೆಯೇ. ರಾಜ ದೊಡ್ಡ ಕೆರೆ ಕಟ್ಟಿಸುತ್ತಿದ್ದುದನ್ನು ಪೇಸ್ ನೋಡಿದ. ಹದಿನೈದು ಇಪ್ಪತ್ತು ಸಾವಿರ ಜನ ಕೆಲಸ ಮಾಡುತ್ತಿದ್ದರು, ಇರುವೆಗಳ ಹಾಗೆ ಕಾಣುತ್ತಿದ್ದರು, ಕಾಲಡಿಯ ನೆಲವೇ ಕಾಣುತ್ತಿರಲಿಲ್ಲ ಎಂದು ಬರೆದ. ಹೊಸಪೇಟೆಯ ಹತ್ತಿರ, ಸಂಡೂರು ಬೆಟ್ಟಗಳ ಕಣಿವೆಯ ಬಾಯಲ್ಲಿರುವ ದೊಡ್ಡ ಏರಿಯೇ ಅದಿರಬೇಕು ಎಂದು ವಿಜಯನಗರದ ಇತಿಹಾಸ ಬರೆದ ರಾಬರ್ಟ್ ಸೀವೆಲ್ ಊಹಿಸಿದರು. ನಮ್ಮೂರಿನವರು ಆ ಕಡೆ ಹೋಗುವಾಗ ನಾನು ಈ ಇರುವೆಗಳ ಮಾತು ಹೇಳುತ್ತೇನೆ. ಆದರೆ ಪೇಸ್ ಅಲ್ಲಿಗೇ ನಿಲ್ಲಿಸುವುದಿಲ್ಲ. ಏರಿ ಎರಡು ಮೂರು ಸಲ ಒಡೆಯಿತು. ರಾಜ ಬ್ರಾಹ್ಮಣರನ್ನು ಕೇಳಿದ. ದೇವರಿಗೆ ಬಲಿ ಬೇಕು ಎಂದರು. ದೇವಸ್ಥಾನದ ಬಾಗಿಲಲ್ಲಿ 60 ಜನರ ತಲೆ ಕಡಿಸಿದರು, ಕುದುರೆ ಕೋಣಗಳನ್ನೂ ಕಡಿಸಿದರು. ಸಾಯಬೇಕಾಗಿದ್ದ ಕೈದಿಗಳ ತಲೆ ಕಡಿಸಿದರು ಎಂದು ನ್ಯೂನಿಜ್ ಕೂಡ ಬರೆಯುತ್ತಾನೆ.

ಇಲ್ಲೂ ನಿಧಾನವಾಗಿ ಓದಬೇಕು. ಕೆಲಸದವರ ಬಗ್ಗೆ "ನಾನು ಕಂಡೆ" ಎಂದು ಪೇಸ್ ಹೇಳುತ್ತಾನೆ. ಬಲಿಯ ಬಗ್ಗೆ ಆ ಮಾತು ಹೇಳುವುದಿಲ್ಲ. ಒಂದೇ ಕೆರೆಯ ಮಾತಿನಲ್ಲಿ ಕಂಡದ್ದೂ ಇದೆ, ಕೇಳಿದ್ದೂ ಇದೆ. ರಾಜನನ್ನು ಹೊಗಳಬೇಕು ಎನ್ನುವವರು ಬಲಿಯನ್ನು ಬಿಟ್ಟು ಏರಿಯನ್ನು ಬರೆಯುತ್ತಾರೆ. ಬೈಯಬೇಕು ಎನ್ನುವವರು ಏರಿಯನ್ನು ಬಿಟ್ಟು ಬಲಿಯನ್ನು ಬರೆಯುತ್ತಾರೆ. ಏರಿ ಹಾಕಿದ ಆ ಸಾವಿರಾರು ಜನ ಎರಡೂ ಕಡೆ ಕಳೆದುಹೋಗುತ್ತಾರೆ. ಅವರು ಎಲ್ಲಿಂದ ಬಂದರು, ಏನು ಉಂಡರು, ಏರಿ ಒಡೆದ ರಾತ್ರಿ ಏನು ಮಾಡಿದರು? ಕಾದಂಬರಿಗೆ ಇಲ್ಲಿ ಜಾಗವಿದೆ. ಸಾಕ್ಷಿ ಸುಮ್ಮನಾದ ಜಾಗದಲ್ಲಿ ನೀವು ಮಾತಾಡಿ. ಅದಕ್ಕೆ ನಮ್ಮ ತಕರಾರಿಲ್ಲ. ಸಾಕ್ಷಿ ಮಾತಾಡಿದ ಜಾಗದಲ್ಲಿ ಅವನ ಬಾಯಿ ಮುಚ್ಚಬೇಡಿ.

ವಿಜಯನಗರ ಹಾಳಾದ ಕಥೆಗೆ ಬಂದರೆ ಈ ಮಾತು ಇನ್ನೂ ಮುಖ್ಯವಾಗುತ್ತದೆ. 1565ರ ಜನವರಿಯಲ್ಲಿ ದಖ್ಖನಿನ ಸುಲ್ತಾನರ ಜೊತೆ ಯುದ್ಧ ನಡೆಯಿತು, ವಿಜಯನಗರ ಸೋತಿತು. ಬೆಂಕಿ, ಕತ್ತಿ, ಹಾರೆ, ಕೊಡಲಿ ಹಿಡಿದು ದಿನದಿನವೂ ನಗರವನ್ನು ಒಡೆದರು, ಇಂಥ ನಾಶ ಲೋಕದಲ್ಲೇ ನಡೆದಿಲ್ಲ ಎನ್ನುವ ವರ್ಣನೆ ನಮ್ಮ ಎಷ್ಟೋ ಪುಸ್ತಕಗಳಲ್ಲಿ ಬರುತ್ತದೆ. ಪಕ್ಕದಲ್ಲೇ ನಿಂತು ನೋಡಿದವರು ಬರೆದ ಹಾಗಿದೆ. ಅದನ್ನು ಬರೆದವರು ಸೀವೆಲ್, 1900ರಲ್ಲಿ. ಯುದ್ಧವಾಗಿ 335 ವರ್ಷಗಳ ಮೇಲೆ. ಅವರು ಮದರಾಸಿನ ಸಿವಿಲ್ ಸರ್ವಿಸ್‌ನಲ್ಲಿದ್ದವರು. ನಮಗೆ ದೊಡ್ಡ ಉಪಕಾರ ಮಾಡಿದವರು. ಪೇಸ್, ನ್ಯೂನಿಜ್ ಬರಹಗಳು ಮುನ್ನೂರು ವರ್ಷಕ್ಕೂ ಜಾಸ್ತಿ ಕಾಲ ಅಚ್ಚಾಗದೆ ಉಳಿದಿದ್ದವು. ಅವುಗಳ ಹಸ್ತಪ್ರತಿ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿತ್ತು. ಪೋರ್ಚುಗೀಸ್ ವಿದ್ವಾಂಸ ಡೇವಿಡ್ ಲೋಪೆಸ್ ಅವನ್ನು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು. ಸೀವೆಲ್ ಇಂಗ್ಲಿಷಿಗೆ ತಂದರು. ಅವರಿಬ್ಬರೂ ಇಲ್ಲದಿದ್ದರೆ ನನ್ನ ಹುಡುಗನ ಪ್ರಶ್ನೆಗೆ ಉತ್ತರವೇ ಇರುತ್ತಿರಲಿಲ್ಲ. ಆದರೂ ಸೀವೆಲ್ ಸಾಕ್ಷಿಯಲ್ಲ.

ಸಾಕ್ಷಿ ಬೇರೆ ಒಬ್ಬನಿದ್ದಾನೆ. ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್. 1567ರಲ್ಲಿ, ಅಂದರೆ ಯುದ್ಧವಾಗಿ ಎರಡು ವರ್ಷಕ್ಕೆ, ಅವನು ವಿಜಯನಗರದಲ್ಲಿದ್ದ. ಒಂದು ತಿಂಗಳ ಕೆಲಸಕ್ಕೆ ಬಂದವನು ದಾರಿಯಲ್ಲಿ ಕಳ್ಳರ ಭಯಕ್ಕೆ 7 ತಿಂಗಳು ಉಳಿಯಬೇಕಾಯಿತು. ಗೆದ್ದವರು 6 ತಿಂಗಳು ಅಲ್ಲಿದ್ದು ಬಚ್ಚಿಟ್ಟ ಹಣ, ಒಡವೆ ಹುಡುಕಿದರು ಎಂದು ಬರೆದ. ಆಮೇಲೆ ಬರೆದದ್ದನ್ನು ಕೇಳಿ. ನಗರ ಪೂರ್ತಿ ನಾಶವಾಗಿಲ್ಲ, ಮನೆಗಳು ನಿಂತಿವೆ, ಆದರೆ ಖಾಲಿ. ಅವುಗಳಲ್ಲಿ ಹುಲಿ ಮತ್ತು ಕಾಡುಮೃಗಗಳು ಬಿಟ್ಟರೆ ಬೇರೆ ಯಾರೂ ಇಲ್ಲವಂತೆ.

ಇಲ್ಲವಂತೆ! ಹಳೆಯ ಇಂಗ್ಲಿಷ್ ಅನುವಾದದಲ್ಲಿ "ಹಾಗೆಂದು ಹೇಳುತ್ತಾರೆ" ಎಂಬ ಮಾತು ಹುಲಿಯ ಪಕ್ಕದಲ್ಲೇ ಇದೆ. ಅವನು ಆ ಊರಲ್ಲೇ ಇದ್ದೂ ಹುಲಿಯನ್ನು ತಾನು ಕಂಡೆ ಎಂದು ಹೇಳಲಿಲ್ಲ. ಆ ಪ್ರಾಮಾಣಿಕತೆಗೆ ಕೈ ಮುಗಿಯಬೇಕು ಅನ್ನಿಸಿತು. ಆದರೆ ನಮ್ಮಲ್ಲಿ ಎಷ್ಟೋ ಕಡೆ "ಹುಲಿಗಳು ವಾಸವಾಗಿದ್ದವು" ಎಂದೇ ಬರುತ್ತದೆ. ಎರಡಕ್ಷರ ಬಿದ್ದುಹೋಯಿತು, ಹುಲಿ ಬಂದು ಕೂತಿತು.

ನಾಶವೇ ಆಗಿಲ್ಲ ಎಂದು ನಾನು ಹೇಳುತ್ತಿಲ್ಲ. ಒಡೆದ ಮೂರ್ತಿಗಳ ಮುಂದೆ ನಿಂತು ಪಾಠ ಮಾಡಿದವಳು ನಾನು. ಆದರೆ ನಿಂತಿರುವ ಖಾಲಿ ಮನೆಗಳ ಊರು ಎಂಬ ಚಿತ್ರ ನನ್ನನ್ನು ಬೆಂಕಿಯ ವರ್ಣನೆಗಿಂತ ಜಾಸ್ತಿ ಅಲುಗಾಡಿಸಿತು. ಬಾಗಿಲು ಇದೆ, ಒಲೆ ಇದೆ, ಜನ ಇಲ್ಲ. ಅವರು ಎಲ್ಲಿಗೆ ಹೋದರು? ವಾಪಸ್ ಬರುತ್ತೇವೆ ಎಂದುಕೊಂಡು ಹೋದರಾ?

ಈ ಬರಹಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದಿದರೆ ಇನ್ನೂ ಏನೇನೋ ಹೊಳೆಯುತ್ತದೆ. ನ್ಯೂನಿಜ್ ಕುದುರೆ ವ್ಯಾಪಾರಿ ಎನ್ನುತ್ತಾರೆ. ಹಾಗಾಗಿ ಅವನ ಕಣ್ಣಿಗೆ ಎಲ್ಲೆಲ್ಲೂ ಕುದುರೆ. ಕೃಷ್ಣದೇವರಾಯನಿಗಿಂತ ಮೊದಲಿನ ದೊರೆ ಸಾಳುವ ನರಸಿಂಹನ ಕಾಲದ ಒಂದು ಮಾತು ಹೇಳುತ್ತಾನೆ. ಸಾವಿರ ಪರ್ದಾವ್‌ಗೆ (ಅದು ಆಗಿನ ಚಿನ್ನದ ನಾಣ್ಯ) ಮೂರು ಕುದುರೆ, ಸತ್ತಿರಲಿ ಬದುಕಿರಲಿ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಕು, ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಸೀಸರ್ ಫ್ರೆಡರಿಕ್ ಬಂದ ಕಾಲಕ್ಕೆ ಏನಾಗಿತ್ತು ನೋಡಿ. ಯುದ್ಧದಲ್ಲಿ ಸತ್ತ ರಾಮರಾಯನ ತಮ್ಮ ತಿರುಮಲ ಊರಿಗೆ ವಾಪಸ್ ಬಂದು ಗೋವಾದ ವ್ಯಾಪಾರಿಗಳಿಗೆ ಹೇಳಿ ಕಳಿಸಿದ. ಕುದುರೆ ತನ್ನಿ, ಒಳ್ಳೆಯ ಬೆಲೆ ಕೊಡುತ್ತೇನೆ ಎಂದ. ಅವರು ತಂದರು. ಕುದುರೆ ಇಟ್ಟುಕೊಂಡು ಬರಿಗೈಯಲ್ಲಿ ಕಳಿಸಿದ. ಬಾಲಕ್ಕೆ ಬೆಲೆ ಕೊಡುತ್ತಿದ್ದ ಸಿಂಹಾಸನ ಕುದುರೆಗೂ ಕೊಡಲಾರದ ಸ್ಥಿತಿಗೆ ಬಂತು. ಒಂದು ಸಾಮ್ರಾಜ್ಯ ಇಳಿದದ್ದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಹೇಗೆ?

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಂಡವನ ಮಾತೆಲ್ಲ ನಿಜ ಎಂದು ನಾನು ವಾದಿಸುವುದಿಲ್ಲ. ಕುದುರೆಯವನಿಗೆ ಕುದುರೆ ಕಾಣುತ್ತದೆ. ರಾಯಭಾರಿಗೆ ತನಗೆ ಸಿಕ್ಕ ಮರ್ಯಾದೆ ಕಾಣುತ್ತದೆ. ಅಬ್ದುಲ್ ರಜಾಕ್ ತನಗೆ ದಿನಕ್ಕೆ ಎಷ್ಟು ಕುರಿ, ಎಷ್ಟು ಕೋಳಿ, ಎಷ್ಟು ಅಕ್ಕಿ ಬೆಣ್ಣೆ ಸಕ್ಕರೆ ಬರುತ್ತಿತ್ತು ಎಂದು ಲೆಕ್ಕ ಕೊಡುತ್ತಾನೆ. ಹಾಗಾಗಿ ಹೇಳಿದವನು ಯಾರು ಎಂದು ಓದುಗರಿಗೆ ತಿಳಿಯಬೇಕು. ಹೆಸರು ಹೇಳದೆ ಬರೀ ಮಾತನ್ನು ಕೊಟ್ಟರೆ ಪ್ರಮಾಣಿಸಿ ನೋಡುವುದು ಹೇಗೆ?

ನೀವು ಕೇಳಬಹುದು, ಎಲ್ಲರೂ ಹೊರಗಿನವರೇ ಆದರಲ್ಲ, ನಮ್ಮವರು ಬರೆದಿಡಲಿಲ್ಲವೇ ಎಂದು. ಬರೆದಿಟ್ಟರು. ಅದಕ್ಕೂ ಅಬ್ದುಲ್ ರಜಾಕನೇ ಸಾಕ್ಷಿ. ಅರಮನೆಯ ಹತ್ತಿರ ಆಳೆತ್ತರಕ್ಕಿಂತ ಎತ್ತರವಾದ ಒಂದು ಮೊಗಸಾಲೆಯಲ್ಲಿ ದಾಖಲೆಗಳನ್ನು ಇಡುತ್ತಿದ್ದರು, ಬರಹಗಾರರು ಅಲ್ಲೇ ಕೂರುತ್ತಿದ್ದರು ಎನ್ನುತ್ತಾನೆ. ಅವರು ಎರಡು ಬಗೆಯಲ್ಲಿ ಬರೆಯುತ್ತಿದ್ದರು. ಒಂದು, ಓಲೆಗರಿಯ ಮೇಲೆ ಮೊನಚಾದ ಕಬ್ಬಿಣದ ಕಂಟದಿಂದ ಕೊರೆಯುವುದು. ಇನ್ನೊಂದು, ಬಿಳಿಯ ಹಾಳೆಗೆ ಕಪ್ಪು ಬಳಿದು, ಲೇಖನಿಯ ಹಾಗೆ ಕೆತ್ತಿದ ಮೆತ್ತನೆಯ ಕಲ್ಲಿನಿಂದ ಬರೆಯುವುದು. ಅಕ್ಷರ ಬೆಳ್ಳಗೆ ಮೂಡುತ್ತದೆ, ಬಹಳ ದಿನ ಬಾಳುತ್ತದೆ ಎಂದ. ಓದುತ್ತಿದ್ದ ಹಾಗೆ ನನಗೆ ಮೈ ಜುಮ್ಮೆಂದಿತು. ಇದು ನಮ್ಮ ಕಡತ! ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯ ಮಡಿಕೆ, ಮೇಲೆ ಬಳಪದ ಬರಹ. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಉಳಿದಿವೆ. ಇವತ್ತಿಗೂ ಕಚೇರಿಯಲ್ಲಿ ಫೈಲಿಗೆ ಕಡತ ಎಂದೇ ಹೇಳುತ್ತೇವೆ. ಆದರೆ ಅವನು ಕಂಡ ಆ ಮೊಗಸಾಲೆಯ ದಾಖಲೆಗಳು ನಮಗೆ ಉಳಿಯಲಿಲ್ಲ.

ಅರಮನೆಯಲ್ಲಿ ಹೆಂಗಸರ ಕೈಬರಹದ ದಾಖಲೆಗಳೂ ಇದ್ದವು. ಅರಮನೆಯ ಬಾಗಿಲೊಳಗಿನ ಖರ್ಚು ವೆಚ್ಚವನ್ನೆಲ್ಲ ಬರೆಯುವ ಹೆಂಗಸರಿದ್ದರು ಎಂದು ನ್ಯೂನಿಜ್ ಹೇಳುತ್ತಾನೆ. ರಾಜ್ಯದ ವ್ಯವಹಾರಗಳನ್ನು ಬರೆದು, ಹೊರಗಿನ ಬರಹಗಾರರ ಪುಸ್ತಕಗಳ ಜೊತೆ ತಾಳೆ ನೋಡುವ ಹೆಂಗಸರೂ ಇದ್ದರು. ಜಟ್ಟಿ ಹೆಂಗಸರು, ಜೋಯಿಸ ಹೆಂಗಸರು ಕೂಡ ಇದ್ದರು. ಅವನು ಅವರಿಗೆ ಕೆಲವೇ ಸಾಲು ಕೊಟ್ಟ, ಮುಂದೆ ಹೋದ. ನಾನು ಮುಂದೆ ಹೋಗಲಾರದೆ ಅಲ್ಲೇ ನಿಂತೆ. ನಮ್ಮ ಕಾದಂಬರಿಗಳಲ್ಲಿ ಅಂತಃಪುರ ಅಂದರೆ ಹೂವು, ಗಂಧ, ಸವತಿ ಮತ್ಸರ. ನ್ಯೂನಿಜ್‌ನ ಬರಹದಲ್ಲಿ ಅಂತಃಪುರ ಅಂದರೆ ಲೆಕ್ಕ ಬರೆಯುವ ಹೆಂಗಸು. ಹೊರಗಿನ ಲೆಕ್ಕಕ್ಕೂ ತನ್ನ ಲೆಕ್ಕಕ್ಕೂ ತಾಳೆ ಬೀಳದ ದಿನ ಅವಳು ಏನು ಮಾಡಿದಳು? ಯಾರಿಗೆ ಹೇಳಿದಳು? ಅವಳ ಕಾದಂಬರಿ ನನಗೆ ಬೇಕು. ಯಾರಾದರೂ ಬರೆಯಿರಿ. ಪೂರ್ತಿ ಕಲ್ಪಿಸಿ ಬರೆಯಿರಿ. ಕೊನೆಯ ಪುಟದಲ್ಲಿ "ನ್ಯೂನಿಜ್ ಹೇಳಿದ್ದು ಇಷ್ಟು, ಮಿಕ್ಕದ್ದು ನನ್ನದು" ಎಂದು ಹೇಳಿ. ನಾನು ಇನ್ನೂ ಜಾಸ್ತಿ ಪ್ರೀತಿಯಿಂದ ಓದುತ್ತೇನೆ.

ಹಾಗೆ ಹೇಳಿದರೆ ರಸ ಕೆಡುತ್ತದೆ ಎಂದು ಒಬ್ಬ ಲೇಖಕರು ನನಗೆ ಹೇಳಿದ್ದರು. ನಾನು ಒಪ್ಪುವುದಿಲ್ಲ. ನಮ್ಮ ಕಡೆ ಬಯಲಾಟದಲ್ಲಿ ಕಿರೀಟ ಹಾಕಿಕೊಂಡು ಕುಣಿಯುವವನು ಪಕ್ಕದ ಓಣಿಯ ದರ್ಜಿ ಎಂದು ಎಲ್ಲರಿಗೂ ಗೊತ್ತು. ಆದರೂ ಅಭಿಮನ್ಯು ಸತ್ತಾಗ ಅಳುತ್ತಾರೆ. ಗೊತ್ತಿದ್ದೂ ಅಳುವ ಜನ ನಾವು. ನಮ್ಮನ್ನು ನಂಬಿ.

ಪ್ರಕಾಶಕರಿಗೆ ಒಂದು ಮಾತು. ಪ್ರತಿ ಐತಿಹಾಸಿಕ ಪುಸ್ತಕದ ಕೊನೆಗೆ ನಾಲ್ಕು ಪುಟ ಬಿಡಿ. ಯಾರು ಕಂಡರು, ಯಾರು ಕೇಳಿ ಬರೆದರು, ಲೇಖಕರು ಕಟ್ಟಿದ್ದು ಯಾವುದು ಎಂದು ಮಾತಾಡಿದ ಹಾಗೆ ಬರೆಸಿ. ಅದರ ಜೊತೆಗೆ ಮೂಲ ಬರಹಗಳನ್ನೂ ಕೊಡಿ. ಎಚ್.ಎಲ್. ನಾಗೇಗೌಡರು 'ಪ್ರವಾಸಿ ಕಂಡ ಇಂಡಿಯಾ' ಸಂಪುಟಗಳಲ್ಲಿ ಇಂಥ ಬರಹಗಳನ್ನು ಕನ್ನಡಕ್ಕೆ ತಂದು ದಾರಿ ತೋರಿಸಿದ್ದಾರೆ. ನಾನು ಪಾಠ ಮಾಡಿದ ಶಾಲೆಯ ಕಪಾಟಿನಲ್ಲಿ ಅವು ಇರಲಿಲ್ಲ. ಕಾದಂಬರಿಗಳು ಇದ್ದವು. ಮಕ್ಕಳು ಓದುವ ಭಾಷೆಯಲ್ಲಿ, ಅಗ್ಗದ ಬೆಲೆಯಲ್ಲಿ, ಒಬ್ಬೊಬ್ಬ ಸಾಕ್ಷಿಗೆ ಒಂದೊಂದು ಸಣ್ಣ ಪುಸ್ತಕ ಮಾಡಿ. ನ್ಯೂನಿಜ್‌ನ ಪಕ್ಕದಲ್ಲಿ ತಿಮ್ಮರಸುವಿನ ಕಾದಂಬರಿ ಇರಲಿ. ಮಕ್ಕಳೇ ತಾಳೆ ನೋಡುತ್ತಾರೆ.

ಇನ್ನೊಂದು ಇದೆ, ಅದಕ್ಕೆ ಸಮಯ ಕಡಿಮೆ. 1443ರವರು, 1520ರವರು ಕಾಗದದಲ್ಲಿ ಇದ್ದಾರೆ. ಅವರು ಕಾಯುತ್ತಾರೆ. ಆದರೆ ಕಂಡವರು ನಮ್ಮ ಬೀದಿಯಲ್ಲೂ ಇದ್ದಾರೆ. ತುಂಗಭದ್ರಾ ಅಣೆಕಟ್ಟಿನ ನೀರು 1953ರಲ್ಲಿ ಕಾಲುವೆಗೆ ಹರಿಯಿತು. ಅದಕ್ಕಾಗಿ ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆ ಮುಳುಗಿತು, ಅಲ್ಲಿಂದ ಎದ್ದು ಬಂದವರು ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಅವರ ಹತ್ತಿರ ಹೋಗಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅವರ ಭಾಷೆಯನ್ನು ತಿದ್ದಬೇಡಿ. ಮುಂದೆ ಯಾರೋ ಇದರ ಕಾದಂಬರಿ ಬರೆಯುತ್ತಾರೆ, ಆಗ ಅವರಿಗೆ ಸೀವೆಲ್ ಸಿಗಬಾರದು, ಪೇಸ್ ಸಿಗಬೇಕು.

ನಮ್ಮ ಓಣಿಯಲ್ಲಿ ಅಂಥ ಒಬ್ಬ ಅಜ್ಜಿ ಇದ್ದಾರೆ. ಮುಳುಗಡೆ ಊರಿನವರು. ಹೋದ ತಿಂಗಳು ಅವರ ಪಕ್ಕ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮನೆಯ ಬಾಗಿಲು, ತೊಲೆಗಳನ್ನು ಬಿಚ್ಚಿ ಬಂಡಿಗೆ ಹೇರಿದ್ದು, ಒಳ್ಳು ಕಲ್ಲನ್ನು ಎತ್ತಲಾಗದೆ ಅಲ್ಲೇ ಬಿಟ್ಟದ್ದು, ತಾನು ಒಂದು ಕೋಳಿಯನ್ನು ಎದೆಗೆ ಅವುಚಿಕೊಂಡು ಬಂಡಿಯ ಹಿಂದೆ ನಡೆದದ್ದು, ಎಲ್ಲ ಹೇಳಿದರು. ಆಮೇಲೆ ಊರ ಮುಂದಿನ ಬಾವಿಯ ಮಾತು ಬಂತು. ನೀರು ಏರುತ್ತಾ ಬಂದು ಬಾವಿಯ ಕಟ್ಟೆ ಮುಳುಗುವಾಗ ಒಳಗಿಂದ ಗುಳುಗುಳು ಸದ್ದು ಬಂದು, ಬಾವಿ ಅತ್ತ ಹಾಗೆ ಕೇಳಿಸಿತಂತೆ. ನಾನು ಬೇಗ ಬೇಗ ಬರೆಯುತ್ತಿದ್ದೆ. ಅಜ್ಜಿ ನನ್ನ ಕೈ ಹಿಡಿದು ನಿಲ್ಲಿಸಿದರು.

"ತಡಿಯವ್ವ. ಕೋಳಿ ನಾ ಹಿಡಕೊಂಡಿದ್ದು, ಅದು ಖರೆ. ಬಾವಿ ಅತ್ತಿದ್ದು ನಾ ಕೇಳಿಲ್ಲ. ನಮ್ಮ ಚಿಗವ್ವ ಹೇಳ್ತಿದ್ಲು. ಅದನ್ನ ಬ್ಯಾರೆ ಬರಕೊ."

ಇಂತಿ,
ಹೊಸಪೇಟೆಯ ಒಬ್ಬ ಹಳೆಯ ಟೀಚರ್